ಅಜ್ಜಿಯ ಆರ್ಕಿಡ್‌ಗೆ ಚಕ್ರಬಡ್ಡಿ



ಈ ವಾರ ಒಂದು ಹೂಗಿಡದ ಲೆಕ್ಕ ಹೇಳುತ್ತೇನೆ. ನಾನು ಓದಿದ್ದು ಬಿ.ಕಾಂ., ದುಡಿದದ್ದು ಬ್ಯಾಂಕಿನ ಗುಮಾಸ್ತನಾಗಿ. ಸಸ್ಯಶಾಸ್ತ್ರಕ್ಕೂ ನನಗೂ ನೆಂಟಸ್ತಿಕೆ ಇರಲಿಲ್ಲ. ಆದರೂ ಗಿಡ ಚಕ್ರಬಡ್ಡಿಯಂತೆ ಬೆಳೆಯಬಲ್ಲದು, ಅದರ ಲೆಕ್ಕದಲ್ಲೂ ತಪ್ಪು ನುಸುಳಬಲ್ಲದು ಎಂಬುದನ್ನು ಈ ಎರಡು ವರ್ಷಗಳಲ್ಲಿ ಕಲಿತೆ. ಕಲಿಸಿದವಳು ನನ್ನ ಮೊಮ್ಮಗಳು ಪುಟ್ಟಿ. ಕಲಿಯುವಂತೆ ಮಾಡಿದ್ದು ಅವಳ ಅಜ್ಜಿಯ ಆರ್ಕಿಡ್.

ನನಗೆ ಮಡಿಕೇರಿಗೆ ವರ್ಗವಾಗಿದ್ದಾಗ ನನ್ನ ಹೆಂಡತಿ ಅಲ್ಲಿಂದ ಒಂದು ಡೆಂಡ್ರೋಬಿಯಂ ಗಿಡ ತಂದಿದ್ದಳು. ಕಬ್ಬಿನ ಮರಿಯಂತೆ ಗಿಣ್ಣು ಗಿಣ್ಣಾದ ಕಾಂಡ, ಬಿಳಿ ದಳ, ನಡುವೆ ನೇರಳೆ ಬಣ್ಣದ ತುಟಿ. ಮುಂದೆ ನಾವು ಎಷ್ಟು ಊರು ಬದಲಿಸಿದೆವೋ ಅಷ್ಟು ಊರುಗಳಿಗೂ ಅದು ಲಾರಿಯಲ್ಲಲ್ಲ, ಬಸ್ಸಿನಲ್ಲಿ ಅವಳ ತೊಡೆಯ ಮೇಲೆ ಕುಳಿತೇ ಬಂತು. ಅವಳು ಹೋಗಿ ಈಗ ಐದು ವರ್ಷ. ಗಿಡಕ್ಕೆ ನೀರು ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಮೂರನೇ ವರ್ಷದ ಮಳೆಗಾಲದಲ್ಲಿ ಎಲೆಗಳ ಮೇಲೆ ಹಳದಿ ಮಚ್ಚೆ ಕಾಣಿಸಿಕೊಂಡವು. ಆಮೇಲೆ ಕಪ್ಪು ಗೆರೆ. ಹೂವು ಸಣ್ಣದಾಯಿತು, ದಳದ ಮೇಲೆ ಕಂದು ಕಲೆ ಬಿತ್ತು. ತೋಟಗಾರಿಕೆ ಗೊತ್ತಿದ್ದ ಪರಿಚಯದವರಿಗೆ ತೋರಿಸಿದೆ. “ಇದು ವೈರಸ್ ಇರಬೇಕು. ಇದಕ್ಕೆ ಔಷಧಿ ಇಲ್ಲ. ಇದೇ ಕತ್ತರಿಯಲ್ಲಿ ಬೇರೆ ಆರ್ಕಿಡ್ ಏನಾದರೂ ಕತ್ತರಿಸಿದ್ದಿರಾ?” ಎಂದು ಕೇಳಿದರು.

ಕತ್ತರಿಸಿದ್ದೆ. ಹಿಂದಿನ ವರ್ಷ ಹೊಸದಾಗಿ ಕೊಂಡಿದ್ದ ಇನ್ನೊಂದು ಆರ್ಕಿಡ್‌ನ ಒಣಗಿದ ಕಾಂಡ ಕತ್ತರಿಸಿ, ಕತ್ತರಿಯನ್ನು ತೊಳೆಯದೆ ಇದಕ್ಕೂ ಹಾಕಿದ್ದೆ. ಆರ್ಕಿಡ್‌ಗಳಿಗೆ ಬರುವ ಸಿಂಬಿಡಿಯಂ ಮೊಸಾಯಿಕ್ ಎಂಬ ವೈರಸ್ ಗಿಡದ ರಸದ ಮೂಲಕ, ಹೀಗೆ ಕತ್ತರಿಯ ಬಾಯಿಯಿಂದಲೇ ಒಂದರಿಂದ ಇನ್ನೊಂದಕ್ಕೆ ದಾಟುತ್ತದಂತೆ. ಅಂದರೆ ರೋಗ ಹಚ್ಚಿದವನು ನಾನೇ. ಅಂದು ರಾತ್ರಿ ಊಟ ಸೇರಲಿಲ್ಲ.

ದಸರಾ ರಜೆಗೆ ಬಂದ ಪುಟ್ಟಿಗೆ ಆಗ ಏಳನೇ ಕ್ಲಾಸು. ಗಿಡ ನೋಡಿ, “ಅಜ್ಜ, ಇದನ್ನೇ ಇನ್ನೊಂದು ಮಾಡೋಕಾಗಲ್ವಾ? ಜೆರಾಕ್ಸ್ ಥರ?” ಎಂದಳು.

“ಬೀಜ ಹಾಕಿದರೆ ಆಗಬಹುದೇನೋ” ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ. ಅದೂ ತಪ್ಪೇ ಎಂದು ಆಮೇಲೆ ತಿಳಿಯಿತು.

ಬೀಜದಿಂದ ಯಾಕೆ ಆಗದು? ಮಕ್ಕಳೇ, ಆರ್ಕಿಡ್‌ನ ಬೀಜ ನೀವು ನೋಡಿರಲಾರಿರಿ. ಅದು ಹಿಟ್ಟಿನ ಧೂಳಿನಷ್ಟು ಸಣ್ಣದು. ಒಂದೇ ಕಾಯಿಯಲ್ಲಿ ಲಕ್ಷಗಟ್ಟಲೆ ಇರಬಹುದು. ಕಡಲೆ, ಹೆಸರುಕಾಳಿನೊಳಗೆ ಮೊಳಕೆಗೆ ಬೇಕಾದ ಬುತ್ತಿ ಇರುತ್ತದೆ. ಈ ಧೂಳುಬೀಜಕ್ಕೆ ಅಂಥ ಬುತ್ತಿ ಇಲ್ಲ. ಹಾಗಾದರೆ ಕಾಡಿನಲ್ಲಿ ಹೇಗೆ ಮೊಳೆಯುತ್ತದೆ? 1899ರಲ್ಲಿ ಫ್ರಾನ್ಸಿನ ನೋಯೆಲ್ ಬೆರ್ನಾರ್ ಎಂಬ ಯುವಕ ಕಡ್ಡಾಯ ಸೈನಿಕ ಸೇವೆಯಲ್ಲಿದ್ದಾಗ ಫೊಂಟೆನ್‌ಬ್ಲೋ ಕಾಡಿನಲ್ಲಿ ಮೊಳೆತ ಆರ್ಕಿಡ್ ಬೀಜಗಳನ್ನು ಕಂಡ. ಒಂದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಜೀವಿ, ಬೀಜದೊಳಗೆ ಸೇರಿ ಅದಕ್ಕೆ ಊಟ ಒದಗಿಸುತ್ತದೆ ಎಂದು ಪತ್ತೆ ಹಚ್ಚಿದ. 1922ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನಡ್ಸನ್, ಶಿಲೀಂಧ್ರದ ಬದಲು ಸಕ್ಕರೆ ಕೊಟ್ಟರೂ ಬಾಟಲಿಯಲ್ಲಿ ಬೀಜ ಮೊಳೆಯುತ್ತದೆ ಎಂದು ತೋರಿಸಿದ.

ಸರಿ, ಬಾಟಲಿಯಲ್ಲಿ ಬೀಜ ಮೊಳೆಯಿತು ಎಂದುಕೊಳ್ಳಿ. ಆದರೆ ಬೀಜದಿಂದ ಬರುವುದು ಆ ಗಿಡವಲ್ಲ, ಆ ಗಿಡದ ಮಗು. ಅದರಲ್ಲೂ ಮನೆಯಲ್ಲಿ ಸಾಕುವ ಡೆಂಡ್ರೋಬಿಯಂಗಳಲ್ಲಿ ಹೆಚ್ಚಿನವು ಹಲವು ಜಾತಿ ಬೆರೆಸಿ ಮಾಡಿದ ತಳಿಗಳು. ಅವುಗಳ ಬೀಜದಿಂದ ಬಂದ ನೂರು ಸಸಿ ನೂರು ಬಗೆ. ನಮ್ಮ ಪುಟ್ಟಿಗೆ ಅವಳ ಅಜ್ಜಿಯದೇ ಮೂಗು ಇದೆ, ಅಜ್ಜಿಯದೇ ಹಟವೂ ಇದೆ. ಹಾಗೆಂದು ಪುಟ್ಟಿ ಅಜ್ಜಿಯಾಗುವುದಿಲ್ಲ, ಅಲ್ಲವೇ?

ದಾಸವಾಳದ ಕಡ್ಡಿ ನೆಟ್ಟರೆ ಅದೇ ಬಣ್ಣದ ದಾಸವಾಳ ಬರುತ್ತದೆ. ಹಾಗೆಯೇ ಡೆಂಡ್ರೋಬಿಯಂನ ಬುಡವನ್ನು ಭಾಗ ಮಾಡಿ ನೆಡಬಹುದು. ಕೆಲವೊಮ್ಮೆ ಕಾಂಡದ ಗಿಣ್ಣಿನಲ್ಲೇ ಬೇರು ಸಮೇತ ಮರಿಗಿಡ ಹುಟ್ಟುತ್ತದೆ. ಅದಕ್ಕೆ ಆರ್ಕಿಡ್ ಬೆಳೆಗಾರರು ‘ಕೇಕಿ’ ಎನ್ನುತ್ತಾರೆ. ಹವಾಯಿ ದ್ವೀಪದ ಭಾಷೆಯಲ್ಲಿ ಹಾಗೆಂದರೆ ಮಗು. ಇವೆಲ್ಲ ತಾಯಿಗಿಡದ ನಕಲೇ. ಆದರೆ ರೋಗವಿದ್ದ ಗಿಡದ ತುಂಡಿನಲ್ಲಿ ರೋಗವೂ ಜೊತೆಗೇ ಬರುತ್ತದೆ. ನಮಗೆ ಬೇಕಿದ್ದದ್ದು ಗಿಡ ಅದೇ ಆಗಿರಬೇಕು, ರೋಗ ಮಾತ್ರ ಇರಬಾರದು.

ಅಂಥದ್ದೊಂದು ದಾರಿ ಇದೆ ಎಂದು ಹೇಳಿದವಳು ನನ್ನ ಹಳೆಯ ಸಹೋದ್ಯೋಗಿಯ ಮಗಳು. ಬೆಂಗಳೂರಿನ ಹೊರವಲಯದ ಒಂದು ಅಂಗಾಂಶ ಕೃಷಿ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಅಲ್ಲಿ ಮುಖ್ಯವಾಗಿ ಮಾಡುವುದು ಬಾಳೆ. ನಮ್ಮ ರೈತರು ನೆಡುವ ‘ಟಿಶ್ಯೂ ಕಲ್ಚರ್ ಬಾಳೆ’ ಹುಟ್ಟುವುದು ಇಂಥ ಕಡೆಯೇ. ಒಂದೇ ಒಂದು ಗಿಡಕ್ಕಾಗಿ ಯಾರೂ ಈ ಕೆಲಸ ಹಿಡಿಯುವುದಿಲ್ಲ. ಅವಳು ಯಜಮಾನರ ಒಪ್ಪಿಗೆ ಪಡೆದು, “ತನ್ನಿ ಸರ್, ನೋಡೋಣ. ಆದರೆ ಗ್ಯಾರಂಟಿ ಕೊಡೋಕಾಗಲ್ಲ” ಎಂದಳು.

ಅವಳು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಬೆಳೆಯುತ್ತಿರುವ ಕುಡಿಯ ತುತ್ತತುದಿಯಲ್ಲಿ ಒಂದು ಚುಕ್ಕೆ ಇರುತ್ತದೆ. ಅದರ ಅಳತೆ ಒಂದು ಮಿಲಿಮೀಟರಿಗಿಂತ ಕಡಿಮೆ. ಅಲ್ಲಿನ ಜೀವಕೋಶಗಳು ಒಂದೇ ಸಮನೆ ಒಡೆದು ಎರಡಾಗುತ್ತಿರುತ್ತವೆ. ಗಿಡದ ಎಲೆ, ಕಾಂಡ, ಹೂವು ಎಲ್ಲದರ ಆರಂಭ ಅಲ್ಲಿಯೇ. ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಇದನ್ನು ‘ವರ್ಧನ ಅಂಗಾಂಶ’ ಎಂದು ಓದುತ್ತೀರಿ. ವೈರಸ್ ಗಿಡದೊಳಗೆ ದೂರ ಹೋಗುವುದು ಆಹಾರ ಸಾಗಿಸುವ ಕೊಳವೆಗಳ ಮೂಲಕ. ತುತ್ತತುದಿಯಲ್ಲಿ ಆ ಕೊಳವೆ ಇನ್ನೂ ಆಗಿರುವುದಿಲ್ಲ. ಹೊಸ ಬಡಾವಣೆಗೆ ರಸ್ತೆ ಬಂದಿಲ್ಲದಿದ್ದರೆ ಬಸ್ಸು ಹೇಗೆ ಬಂದೀತು? ಹಾಗೆ. ಆದ್ದರಿಂದ ಗಿಡವೆಲ್ಲ ರೋಗಿಯಾಗಿದ್ದರೂ ಆ ಚುಕ್ಕೆ ಎಷ್ಟೋ ಸಲ ಶುದ್ಧವಾಗಿರುತ್ತದೆ. ಯಾವಾಗಲೂ ಅಲ್ಲ, ಎಷ್ಟೋ ಸಲ.

ಇದನ್ನು ಕೆಲಸಕ್ಕೆ ತಂದವರು ಫ್ರಾನ್ಸಿನ ವಿಜ್ಞಾನಿ ಜಾರ್ಜ್ ಮೊರೆಲ್. 1952ರಲ್ಲಿ ಅವರು ಮಾರ್ಟಿನ್ ಎಂಬ ಜೊತೆಗಾರರೊಡನೆ ರೋಗ ಹಿಡಿದ ಡೇರೆ ಗಿಡದ ಕುಡಿತುದಿಯಿಂದ ರೋಗವಿಲ್ಲದ ಗಿಡ ಪಡೆದರು. 1960ರಲ್ಲಿ ಸಿಂಬಿಡಿಯಂ ಆರ್ಕಿಡ್‌ನಲ್ಲಿ ಅದೇ ಮಾಡಿದ್ದನ್ನು ಪ್ರಕಟಿಸಿದರು. ಆರ್ಕಿಡ್‌ನಲ್ಲಿ ಅವರಿಗೆ ಇನ್ನೊಂದು ಸೋಜಿಗ ಎದುರಾಯಿತು. ಬಾಟಲಿಯಲ್ಲಿಟ್ಟ ತುದಿ ನೇರವಾಗಿ ಗಿಡವಾಗಲಿಲ್ಲ. ಬೀಜ ಮೊಳೆತಾಗ ಆಗುವಂಥದ್ದೇ ಸಣ್ಣ ಹಸಿರು ಉಂಡೆಯಾಯಿತು. ಆ ಉಂಡೆಯನ್ನು ತುಂಡು ಮಾಡಿದರೆ ಪ್ರತಿ ತುಂಡೂ ಮತ್ತೆ ಉಂಡೆಗಳಾಯಿತು. ರೋಗ ಬಿಡಿಸಲು ಹೊರಟವರಿಗೆ ಗಿಡ ಹೆಚ್ಚಿಸುವ ದಾರಿಯೂ ಸಿಕ್ಕಿತು.

ಅವರಿಗಿಂತ ಮೊದಲೇ, 1949ರಲ್ಲಿ, ಗವಿನೊ ರೋಟರ್ ಎಂಬವರು ಫೆಲನಾಪ್ಸಿಸ್ ಆರ್ಕಿಡ್‌ನ ಹೂವಿನ ದಂಟನ್ನು ಗಿಣ್ಣುಗಿಣ್ಣಾಗಿ ಕತ್ತರಿಸಿ ಬಾಟಲಿಯಲ್ಲಿಟ್ಟು, ಅಲ್ಲಿ ಮಲಗಿದ್ದ ಮೊಗ್ಗುಗಳಿಂದ ಗಿಡ ಎಬ್ಬಿಸಿದ್ದರು. ಹೂ ಬಿಟ್ಟು ಮುಗಿಯಿತು ಎಂದು ನಾವು ಕತ್ತರಿಸಿ ಎಸೆಯುವ ದಂಟಿನಲ್ಲೂ ಗಿಡ ಮಲಗಿರುತ್ತದೆ ಎಂದಾಯಿತು.

ಇನ್ನು ನಮ್ಮ ಕಷ್ಟಕ್ಕೆ ಬರುತ್ತೇನೆ. ತುದಿ ತೆಗೆಯಬೇಕೆಂದರೆ ಎಳೆಯ ಕುಡಿ ಬೇಕು. ಅಜ್ಜಿಯ ಗಿಡದಲ್ಲಿ ಆ ವರ್ಷ ಬಂದಿದ್ದದ್ದು ಒಂದೇ ಕುಡಿ, ಬೆರಳುದ್ದ. ಗಿಡ ಬದುಕುವುದಿದ್ದರೆ ಅದರಿಂದಲೇ. ಅದನ್ನೇ ಕತ್ತರಿಸಿ ಕೊಡಬೇಕು. ಪ್ರಯೋಗ ಕೆಟ್ಟರೆ ಆ ಕುಡಿಯೂ ಇಲ್ಲ, ಗಿಡವೂ ಇಲ್ಲ. ನಾನು ಎರಡು ದಿನ ಸುಮ್ಮನೆ ಕುಂಡದ ಸುತ್ತ ತಿರುಗಿದೆ.

“ಅಜ್ಜ, ನೀನು ಏನೂ ಮಾಡದಿದ್ರೆ ಗಿಡ ಹುಷಾರಾಗುತ್ತಾ?” ಎಂದು ಪುಟ್ಟಿ ಕೇಳಿದಳು.

“ಇಲ್ಲ.”

“ಮತ್ತೆ?”

ಆ ‘ಮತ್ತೆ’ಗೆ ನನ್ನಲ್ಲಿ ಉತ್ತರವಿರಲಿಲ್ಲ. ಗಿಡವನ್ನು ತೊಡೆಯ ಮೇಲಿಟ್ಟುಕೊಂಡು ಬೆಂಗಳೂರು ಬಸ್ಸು ಹತ್ತಿದೆವು.

ಪ್ರಯೋಗಾಲಯದೊಳಗೆ ಹೋಗುವ ಮೊದಲು ಚಪ್ಪಲಿ ಬಿಟ್ಟು, ಕೈ ತೊಳೆದು, ಟೊಪ್ಪಿ, ಮುಖಗವಸು, ಬಿಳಿ ಕೋಟು ಹಾಕಿಕೊಳ್ಳಬೇಕು. ನಮ್ಮಜ್ಜಿಯ ಕಾಲದ ಮಡಿಯೇ ಸೈ. ವ್ಯತ್ಯಾಸವಿಷ್ಟೇ: ಇಲ್ಲಿ ಮಡಿ ಮನುಷ್ಯರಿಂದಲ್ಲ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿಂದ. ಗಿಡಕ್ಕೆ ಬಡಿಸುವ ಸಕ್ಕರೆ ಊಟ ಬೂಷ್ಟಿಗೂ ಇಷ್ಟ, ಬ್ಯಾಕ್ಟೀರಿಯಾಕ್ಕೂ ಇಷ್ಟ. ಅವು ಗಿಡಕ್ಕಿಂತ ಬೇಗ ಬೆಳೆದು ಎಲ್ಲವನ್ನೂ ತಿಂದು ಮುಗಿಸುತ್ತವೆ.

ಮೊದಲು ಅಡುಗೆಮನೆ ತೋರಿಸಿದಳು. ನೀರಿಗೆ ಹಲವು ಲವಣ, ಲೀಟರಿಗೆ ಎರಡು ಮೂರು ಚಮಚದಷ್ಟು ಸಕ್ಕರೆ, ಗಟ್ಟಿಯಾಗಲು ಅಗರ್. ಅಗರ್ ಎಂದರೆ ನಾವು ಜೆಲ್ಲಿ ಮಾಡಲು ತರುವ ಚೈನಾ ಗ್ರಾಸ್, ಕಡಲಪಾಚಿಯಿಂದ ತೆಗೆದದ್ದು. ಆರ್ಕಿಡ್‌ಗಾದರೆ ಕೆಲವರು ಎಳನೀರು, ಬಾಳೆಹಣ್ಣಿನ ತಿರುಳು ಕೂಡ ಸೇರಿಸುತ್ತಾರಂತೆ. ಪುಟ್ಟಿಗೆ ನಗು ತಡೆಯಲಿಲ್ಲ. ಎಳನೀರಿನಲ್ಲಿ ಜೀವಕೋಶ ಒಡೆದು ಹೆಚ್ಚಲು ನೆರವಾಗುವ ವಸ್ತುಗಳಿವೆ ಎಂದು ಅವಳು ಹೇಳಿದ ಮೇಲೆ ನಗು ನಿಲ್ಲಿಸಿದಳು. ಇವಲ್ಲದೆ ಬೆಳವಣಿಗೆಯ ಹಾರ್ಮೋನುಗಳು. ಒಂದು ಬಗೆಯದು ಹೆಚ್ಚಾದರೆ ಬೇರು, ಇನ್ನೊಂದು ಬಗೆಯದು ಹೆಚ್ಚಾದರೆ ಕುಡಿ. ಅಡುಗೆಯಲ್ಲಿ ಉಪ್ಪು ಹುಳಿಯ ಹದದಂತೆ, ಎರಡರ ಪ್ರಮಾಣ ನೋಡಿ ಹಾಕಬೇಕು. ಎಲ್ಲವನ್ನೂ ಬಾಟಲಿಗೆ ತುಂಬಿ ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದಿನೈದು ಇಪ್ಪತ್ತು ನಿಮಿಷ ಬೇಯಿಸುತ್ತಾರೆ. ಅದೊಂದು ದೊಡ್ಡ ಕುಕ್ಕರ್, ಅಷ್ಟೇ.

ಆಮೇಲೆ ಗಾಜಿನ ಪೆಟ್ಟಿಗೆಯಂಥ ಮೇಜು. ಸೋಸಿದ ಶುದ್ಧ ಗಾಳಿ ಒಂದೇ ಕಡೆಯಿಂದ ಮೆಲ್ಲಗೆ ಬೀಸುತ್ತಿರುತ್ತದೆ. ಕುಡಿಯನ್ನು ಔಷಧಿ ನೀರಿನಲ್ಲಿ ತೊಳೆದು, ಬಾಳೆಹೂವು ಬಿಡಿಸಿದಂತೆ ಒಂದೊಂದೇ ಎಲೆ ಬಿಡಿಸಿದಳು. ಪ್ರತಿ ಸಲವೂ ಚಾಕು, ಚಿಮಟವನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಬೆಂಕಿಗೆ ಹಿಡಿದು ಆರಿಸಿಕೊಳ್ಳುತ್ತಿದ್ದಳು. ನಾನು ತಲೆ ತಗ್ಗಿಸಿದೆ. ಮನೆಯಲ್ಲಿ ಆ ಕತ್ತರಿಗೆ ನಾನು ಇಷ್ಟು ಮಾಡಿದ್ದರೆ ಇಲ್ಲಿಗೆ ಬರುವ ಪ್ರಮೇಯವೇ ಇರುತ್ತಿರಲಿಲ್ಲ.

ಕೊನೆಗೆ ಸೂಕ್ಷ್ಮದರ್ಶಕದ ಕೆಳಗೆ ತುದಿಯ ಚುಕ್ಕೆಯನ್ನು ತೆಗೆದಳು. ಎಲೆಗಳ ಬುಡದಲ್ಲಿದ್ದ ನಾಲ್ಕು ಪಕ್ಕದ ಮೊಗ್ಗುಗಳ ತುದಿಯನ್ನೂ ತೆಗೆದಳು. ಪುಟ್ಟಿಗೆ ಕಂಡಿತು. ನನ್ನ ಕಣ್ಣಿಗೆ ಕಾಣಲೇ ಇಲ್ಲ. ಅಜ್ಜಿಯ ಇಡೀ ಗಿಡ ಐದು ಬಾಟಲಿಗಳಲ್ಲಿ ಐದು ಚುಕ್ಕೆಗಳಾಗಿ ಕುಳಿತಿತು.

ಮನೆಗೆ ಬಂದ ಒಂದು ವಾರಕ್ಕೆ ಫೋನು. ಎರಡು ಬಾಟಲಿಗಳಲ್ಲಿ ಹಾಲಿನಂತೆ ಬಿಳಿಯಾಗಿ ಬ್ಯಾಕ್ಟೀರಿಯಾ ಹಬ್ಬಿದೆ. ಇನ್ನೊಂದು ವಾರಕ್ಕೆ ಮೂರನೆಯದು ಕಪ್ಪಾಗಿ ಸತ್ತಿತು. ಉಳಿದ ಎರಡು ಹಸಿರಾದವು. ಮೂರು ತಿಂಗಳ ನಂತರ ಎರಡರಲ್ಲೂ ಸ್ವಲ್ಪ ತೆಗೆದು ವೈರಸ್ ಪರೀಕ್ಷೆ ಮಾಡಿದರು. ಒಂದರಲ್ಲಿ ವೈರಸ್ ಇತ್ತು. ಒಂದರಲ್ಲಿ ಇರಲಿಲ್ಲ.

ಐದರಲ್ಲಿ ಒಂದು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ನಾಲ್ಕು ಸಾಲ ಮುಳುಗಿದವು, ಒಂದು ಖಾತೆ ಉಳಿಯಿತು. ಆ ಒಂದೇ ಸಾಕಾಯಿತು. ಯಾಕೆ ಎಂಬುದೇ ಈ ವಾರದ ಲೆಕ್ಕ.

ಕುಂಡದ ಗಿಡವನ್ನು ಎರಡು ವರ್ಷಕ್ಕೊಮ್ಮೆ ಎರಡು ಭಾಗ ಮಾಡುತ್ತೀರಿ ಎಂದುಕೊಳ್ಳಿ. ಎಂಟು ವರ್ಷಕ್ಕೆ 16 ಗಿಡ. ಬಾಟಲಿಯ ಹಸಿರು ಉಂಡೆ ಆರು ವಾರಕ್ಕೊಮ್ಮೆ ಒಂದಕ್ಕೆ ಮೂರಾಗುತ್ತದೆ ಎಂದುಕೊಳ್ಳಿ. 3, 9, 27, 81, 243, 729, 2187, 6561. ಎಂಟು ಸುತ್ತಿಗೆ 48 ವಾರ, ವರ್ಷ ಕೂಡ ತುಂಬಿಲ್ಲ! ಅಸಲಿಗೆ ಮಾತ್ರವಲ್ಲ, ಬಡ್ಡಿಗೂ ಬಡ್ಡಿ. ಇದೇ ಚಕ್ರಬಡ್ಡಿ. ಒಂದು ಕಾಲಕ್ಕೆ ಸಿರಿವಂತರ ಗಾಜಿನ ಮನೆಗಳಲ್ಲಷ್ಟೇ ಇದ್ದ ಆರ್ಕಿಡ್ ಇಂದು ಮದುವೆ ಮಂಟಪಕ್ಕೂ, ಹೂವಿನಂಗಡಿಗೂ ಬಂದಿದ್ದರೆ ಅದಕ್ಕೆ ಈ ಲೆಕ್ಕವೂ ಒಂದು ಕಾರಣ.

“ಹಾಗಾದ್ರೆ ಹೀಗೇ ಮಾಡ್ತಾ ಹೋದ್ರೆ ಲಕ್ಷ ಗಿಡ ಮಾಡಬಹುದಲ್ವಾ, ಅಕ್ಕಾ?” ಎಂದು ಪುಟ್ಟಿ ಫೋನಿನಲ್ಲಿ ಕೇಳಿದಳು. ಮಾಡಬಾರದಂತೆ. ಸುತ್ತು ಹೆಚ್ಚಾದಷ್ಟೂ ನಕಲಿನಲ್ಲಿ ತಪ್ಪು ನುಸುಳುತ್ತದೆ. ಎಲೆ ಸೊಟ್ಟಗಾಗಬಹುದು, ಹೂವಿನ ಬಣ್ಣ ಬದಲಾಗಬಹುದು. ನನಗಿದು ತಕ್ಷಣ ಅರ್ಥವಾಯಿತು. ಕಂಪ್ಯೂಟರ್ ಬರುವ ಮೊದಲು ಲೆಡ್ಜರಿನಲ್ಲಿ ಒಂದು ಪುಟದ ಮೊತ್ತವನ್ನು ಮುಂದಿನ ಪುಟಕ್ಕೆ ಕೈಯಲ್ಲೇ ಬರೆಯುತ್ತಿದ್ದೆವು. ಒಮ್ಮೆ ನಾನು 7ನ್ನು 1 ಎಂದು ಬರೆದೆ. ಮುಂದಿನ ಹನ್ನೊಂದು ಪುಟವೂ ತಪ್ಪಾಯಿತು. ಪ್ರತಿ ಪುಟದ ಕೂಡಿಕೆ ಸರಿಯಾಗಿಯೇ ಇತ್ತು, ಆದರೂ ಲೆಕ್ಕ ತಾಳೆಯಾಗಲಿಲ್ಲ. ರಾತ್ರಿ ಹತ್ತರವರೆಗೆ ಕುಳಿತು ಹುಡುಕಿದೆವು. ಆದ್ದರಿಂದ ಒಳ್ಳೆಯ ಪ್ರಯೋಗಾಲಯದವರು ಕೆಲವು ಸುತ್ತಿಗೆ ನಿಲ್ಲಿಸಿ, ಮತ್ತೆ ಮೂಲ ಗಿಡದಿಂದಲೇ ಶುರು ಮಾಡುತ್ತಾರಂತೆ.

ಎಲ್ಲವೂ ಒಂದೇ ಗಿಡದ ನಕಲಾದರೆ ಇನ್ನೊಂದು ಅಪಾಯವಿದೆ. ಒಂದಕ್ಕೆ ತಾಗುವ ರೋಗ ಎಲ್ಲಕ್ಕೂ ತಾಗುತ್ತದೆ. ಆದ್ದರಿಂದ ಕಾಡಿನಲ್ಲಿ ಬೀಜವೇ ಬೇಕು, ನೂರು ಬಗೆಯ ಮಕ್ಕಳೇ ಬೇಕು. ನಮ್ಮ ಮಲೆನಾಡಿನಲ್ಲಿ ಮಳೆಗಾಲದ ಹೊತ್ತಿಗೆ ಮರದ ಮೇಲೆ ನರಿಬಾಲದಂತೆ ತೂಗುವ ಸೀತಾಳೆ ದಂಡೆಯೂ ಆರ್ಕಿಡ್ಡೇ. ಅದನ್ನು ಬುಡಸಮೇತ ಕಿತ್ತು ತರಬೇಡಿ. ಕುಂಡದಲ್ಲಿ ಸಾಕುವ ಆಸೆಯಿದ್ದರೆ ಬಾಟಲಿಯಲ್ಲಿ ಹುಟ್ಟಿದ ಗಿಡ ಕೊಳ್ಳಿ. ಕಾಡಿನದು ಕಾಡಿನಲ್ಲಿರಲಿ.

ಒಂದೂವರೆ ವರ್ಷದ ಮೇಲೆ ನಮಗೆ 25 ಸಸಿ ಕೊಟ್ಟರು, ಕಿರುಬೆರಳಿನಷ್ಟುದ್ದ. ಬಾಟಲಿಯಿಂದ ಬಂದ ಸಸಿಗೆ ಹೊರಗಿನ ಗಾಳಿ ಬಿಸಿಲು ತಿಳಿಯದು. ಬಾಣಂತಿಕೋಣೆಯ ಕೂಸಿನಂತೆ ನೋಡಿಕೊಳ್ಳಬೇಕು. ಬೇರಿಗಂಟಿದ ಅಗರ್ ತೊಳೆದು, ಇದ್ದಿಲು ಮತ್ತು ತೆಂಗಿನ ಸಿಪ್ಪೆಯ ಚೂರುಗಳಲ್ಲಿ ನೆಟ್ಟು, ಮೇಲೆ ಪ್ಲಾಸ್ಟಿಕ್ ಮುಚ್ಚಿದೆವು. ದಿನಕ್ಕಿಷ್ಟಿಷ್ಟೇ ತೆರೆದು ಅಭ್ಯಾಸ ಮಾಡಿಸಿದೆವು. ಆರು ಸತ್ತವು. ಹತ್ತೊಂಬತ್ತು ಉಳಿದವು. ಕತ್ತರಿಯನ್ನು ಪುಟ್ಟಿ ನನ್ನ ಕೈಗೆ ಕೊಡುವ ಮೊದಲು ಬಿಸಿನೀರು, ಸೋಪು, ಸ್ಪಿರಿಟ್ಟು ಎಲ್ಲ ಆಗಿದೆಯೇ ಎಂದು ವಿಚಾರಿಸುತ್ತಾಳೆ. ಬ್ಯಾಂಕಿನ ಇನ್ಸ್‌ಪೆಕ್ಟರ್ ಕೂಡ ಇಷ್ಟು ಜೋರಿರಲಿಲ್ಲ.

ಮಡಿಕೇರಿಯಿಂದ ಬಂದ ಆ ಹಳೆಯ ಗಿಡ ಈ ಮಳೆಗಾಲದಲ್ಲಿ ಹೋಯಿತು. ರೋಗದ ಗಿಡವೆಂದು ಗೊಬ್ಬರದ ಗುಂಡಿಗೆ ಹಾಕದೆ ಸುಟ್ಟುಬಿಟ್ಟೆವು. ಕುಂಡ ತೊಳೆದಿಟ್ಟಿದ್ದೇನೆ.

ಹತ್ತೊಂಬತ್ತರಲ್ಲಿ ಹನ್ನೆರಡನ್ನು ಹಂಚಿದೆವು. ನನ್ನ ಹೆಂಡತಿಯ ತಂಗಿಗೆ, ಮಗಳಿಗೆ, ಅವಳ ಹಳೆಯ ಗೆಳತಿಯರಿಗೆ. ಎಲ್ಲ ಒಂದೇ ಮನೆಯಲ್ಲಿದ್ದರೆ ಮತ್ತೆ ಯಾರಾದರೂ ನನ್ನಂಥವನು ಕತ್ತರಿ ತೊಳೆಯದೆ ಬಂದಾನು. ಹೂ ಬಿಡಲು ಇನ್ನೂ ಒಂದೋ ಎರಡೋ ವರ್ಷ ಬೇಕು. ಬಿಳಿ ದಳ, ನೇರಳೆ ತುಟಿ ಬಂದರೆ ಲೆಕ್ಕ ತಾಳೆಯಾಯಿತು ಎಂದು ಇಲ್ಲೇ ಬರೆಯುತ್ತೇನೆ. ಬೇರೆ ಏನಾದರೂ ಬಂದರೆ ಅದನ್ನೂ ಬರೆಯುತ್ತೇನೆ.

ಮಕ್ಕಳಿಗೆ ಈ ವಾರದ ಕೆಲಸ: ಕಣ್ಣಿರುವ ಒಂದು ಆಲೂಗಡ್ಡೆ ತುಂಡು ಒಂದು ಕುಂಡದಲ್ಲಿ, ನಾಲ್ಕು ಟೊಮೆಟೊ ಬೀಜ ಇನ್ನೊಂದರಲ್ಲಿ ನೆಡಿ. ಯಾವುದು ನಕಲು, ಯಾವುದು ಮಗು, ಯಾಕೆ ಎಂದು ಅಜ್ಜ-ಅಜ್ಜಿಗೆ ವಿವರಿಸಿ. ಜೊತೆಗೊಂದು ಲೆಕ್ಕ: ಒಂದು ಹಸಿರು ಉಂಡೆ ತಿಂಗಳಿಗೊಮ್ಮೆ ಎರಡಾದರೆ ಹನ್ನೆರಡು ತಿಂಗಳಿಗೆ ಎಷ್ಟು? ಉತ್ತರ ಮುಂದಿನ ವಾರ.

ಅಜ್ಜ-ಅಜ್ಜಿಯರಿಗೆ ಈ ವಾರದ ಕೆಲಸ: ತೋಟದ ಕತ್ತರಿ ತೊಳೆಯಿರಿ.